ಗೆದ್ದಲು: ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಮನೆಗಳಲ್ಲಿ

ಗೆದ್ದಲು ಸೆಲ್ಯುಲೋಸ್ ತಿಂದು ಗುಂಪುಗೂಡಿ ಬದುಕುವ ಮೆತ್ತನೆಯ ಮೈಯ ಕೀಟ. ಮರ, ಹುಲ್ಲು, ತರಗೆಲೆ, ಒಣಗಿದ ಸಗಣಿ, ಕಾಗದ, ಹತ್ತಿಬಟ್ಟೆ, ತೆಂಗಿನಕಾಯಿ ಸಿಪ್ಪೆ ಎಲ್ಲವೂ ಅದಕ್ಕೆ ಆಹಾರ. ಬೆಳಕು ಮತ್ತು ಒಣಗಾಳಿಯನ್ನು ಅದರ ಮೈ ತಾಳದು. ಆದ್ದರಿಂದ ಅದು ಹೋದಲ್ಲೆಲ್ಲ ತಲೆಯ ಮೇಲೆ ಮಣ್ಣಿನ ಮರೆ ಕಟ್ಟಿಕೊಂಡೇ ಹೋಗುತ್ತದೆ. ಹಾಸನ ಜಿಲ್ಲೆಯ ಅರಸೀಕೆರೆ ಬಯಲುಸೀಮೆಗೆ ಸೇರಿದ್ದು. ಕೆಮ್ಮಣ್ಣು, ತೆಂಗು, ರಾಗಿಯ ನಾಡು. ಬೇಲೂರು ಅರೆಮಲೆನಾಡು, ಅದರ ಪಶ್ಚಿಮದ ಊರುಗಳು ಕಾಫಿ ತೋಟಗಳ ಕಡೆಗೆ ಏರುತ್ತವೆ. ಬೇಲೂರಿನಿಂದ ಸುಮಾರು 16 ಕಿ.ಮೀ. ದೂರದ ಹಳೇಬೀಡಿನ ನೆಲ ಇವೆರಡರ ನಡುವಿನದು. ಮಳೆಯೂ ಬೆಳೆಯೂ ಬೇರೆಬೇರೆಯಾದರೂ ಈ ಮೂರು ಕಡೆಯೂ ಬಾಗಿಲವಾಡ, ತೊಲೆ, ಜಂತೆ, ಪುಸ್ತಕದ ಬೀರುಗಳನ್ನು ಒಳಗಿಂದೊಳಗೇ ಟೊಳ್ಳು ಮಾಡುವುದು ಗೆದ್ದಲೇ. ಬಯಲುಸೀಮೆಯಲ್ಲಿ ಬೇಸಿಗೆಯ ಹೊತ್ತಿಗೆ ಹೊಲದ ಕೂಳೆ, ಹುಲ್ಲು ಮುಗಿದು ಅದು ಮನೆಯತ್ತ ತಿರುಗಿದರೆ, ಮಳೆ ಹೆಚ್ಚಿರುವ ಕಡೆ ತೇವ ಹಿಡಿದ ಗೋಡೆಯೇ ಅದಕ್ಕೆ ಅನುಕೂಲವಾಗುತ್ತದೆ.

ಗೆದ್ದಲನ್ನು ಬಿಳಿ ಇರುವೆ ಎಂದು ಕರೆಯುವುದುಂಟು. ಆದರೆ ಇರುವೆಗೂ ಇದಕ್ಕೂ ರಕ್ತಸಂಬಂಧವಿಲ್ಲ. ಇರುವೆ ಕಣಜ ಮತ್ತು ಜೇನಿನ ಬಳಗದ್ದು, ಗೆದ್ದಲು ಜಿರಳೆಯ ಬಳಗದ್ದು. ಹಿಂದೆ ಗೆದ್ದಲುಗಳಿಗೆ ಐಸಾಪ್ಟೆರಾ ಎಂಬ ಪ್ರತ್ಯೇಕ ಗಣವಿತ್ತು. ವಂಶವಾಹಿಗಳನ್ನು ಹೋಲಿಸಿ ನೋಡಿದ ಮೇಲೆ, 2007ರ ಈಚೆಗೆ, ಅವನ್ನು ಜಿರಳೆಗಳ ಗಣವಾದ ಬ್ಲಾಟೋಡಿಯಾದೊಳಗೇ ಸೇರಿಸಲಾಗಿದೆ. ಇರುವೆಗಳು ಗೆದ್ದಲಿನ ದೊಡ್ಡ ಶತ್ರುಗಳೂ ಹೌದು. ಒಡೆದ ಹುತ್ತದ ಮೇಲೆ ಮೊದಲು ಮುತ್ತುವವು ಅವೇ. ಜಗತ್ತಿನಲ್ಲಿ ಸುಮಾರು 3000, ಭಾರತದಲ್ಲಿ ಸುಮಾರು 300 ಬಗೆಯ ಗೆದ್ದಲುಗಳಿವೆ. ಕಟ್ಟಡಕ್ಕೂ ಬೆಳೆಗೂ ಕಾಟ ಕೊಡುವಂಥವು ಇವುಗಳಲ್ಲಿ ಒಂದು ಸಣ್ಣ ಪಾಲು ಮಾತ್ರ. ಉಳಿದವು ಕಾಡು, ಹೊಲ, ಗೋಮಾಳಗಳಲ್ಲಿ ಬಿದ್ದ ಕಸವನ್ನು ಮಣ್ಣಾಗಿಸುತ್ತ ಬದುಕುತ್ತವೆ.

ದಕ್ಷಿಣ ಕರ್ನಾಟಕದ ನೆಲದಲ್ಲಿ ಹೆಚ್ಚಾಗಿ ಕಾಣುವುದು ಒಡಾಂಟೊಟರ್ಮಿಸ್ ಕುಲ. ಅದರಲ್ಲಿ ಒಡಾಂಟೊಟರ್ಮಿಸ್ ಒಬೀಸಸ್ ಎತ್ತರದ, ಸುತ್ತಲೂ ಏಣುಗಳಿರುವ ಹುತ್ತವನ್ನು ಕಟ್ಟುತ್ತದೆ. ಒಡಾಂಟೊಟರ್ಮಿಸ್ ವಾಲೊನೆನ್ಸಿಸ್ ಕೂಡ ಈ ಭಾಗದ ಹುತ್ತ ಕಟ್ಟುವ ಗೆದ್ದಲೇ. ಮೈಕ್ರೊಟರ್ಮಿಸ್ ಒಬೆಸಿ ಹುತ್ತವನ್ನೇ ಕಟ್ಟದೆ ನೆಲದೊಳಗೆ ಚದುರಿದ ಸಣ್ಣ ಕೋಣೆಗಳಲ್ಲಿ ಇರುತ್ತದೆ. ಆದ್ದರಿಂದ ಹಿತ್ತಲಿನಲ್ಲಿ ಹುತ್ತವಿಲ್ಲವೆಂದು ಮನೆ ಕ್ಷೇಮವೆಂದುಕೊಳ್ಳಲಾಗದು.

ಸಂಸಾರ ಮತ್ತು ಹುತ್ತ

ಒಂದು ಗೂಡಿನಲ್ಲಿ ರಾಜ, ರಾಣಿ, ಕೆಲಸಗಾರರು, ಸೈನಿಕರು ಎಂಬ ವರ್ಗಗಳಿವೆ. ಜೇನುಗೂಡಿನಲ್ಲಿ ಗಂಡು ಕೂಡಿದ ಮೇಲೆ ಸಾಯುತ್ತದೆ. ಗೆದ್ದಲಿನಲ್ಲಿ ರಾಜ ರಾಣಿಯ ಜೊತೆಗೆ ವರ್ಷಗಟ್ಟಲೆ ಬದುಕುತ್ತಾನೆ. ರಾಣಿಯ ಹೊಟ್ಟೆ ಮೊಟ್ಟೆಗಳಿಂದ ಊದಿ ಬೆರಳುದ್ದ ಬೆಳೆಯುತ್ತದೆ, ದಿನಕ್ಕೆ ಸಾವಿರಾರು ಮೊಟ್ಟೆಗಳು ಬೀಳುತ್ತವೆ. ಅವಳಿಗೆ ನಡೆದಾಡುವ ಶಕ್ತಿಯೂ ಉಳಿಯುವುದಿಲ್ಲ. ತಿನ್ನಿಸುವುದು, ತೊಳೆಯುವುದು, ಮೊಟ್ಟೆ ಎತ್ತಿಡುವುದು ಕೆಲಸಗಾರರ ಪಾಲು. ಕೆಲಸಗಾರರಲ್ಲಿ ಗಂಡೂ ಇವೆ, ಹೆಣ್ಣೂ ಇವೆ; ಆದರೆ ಕಣ್ಣಿಲ್ಲ, ಸಂತಾನಶಕ್ತಿಯಿಲ್ಲ. ಮರ ತಿಂದು ಮನೆ ಕೆಡಿಸುವುದು ಈ ವರ್ಗ ಒಂದೇ. ಸೈನಿಕರಿಗೆ ತಲೆ ದೊಡ್ಡದು, ದವಡೆ ಚೂಪು. ಅವಕ್ಕೆ ತಾವಾಗಿ ಮರ ಅಗಿಯಲು ಬಾರದು, ಕೆಲಸಗಾರರು ಉಣಿಸಬೇಕು.

ಮುಂಗಾರಿಗೆ ಮುನ್ನ, ಭರಣಿ, ಕೃತ್ತಿಕೆ ಮಳೆಗಳು ನೆಲ ನೆನೆಸಿದ ಸಂಜೆಗಳಲ್ಲಿ, ಗೂಡಿನಿಂದ ರೆಕ್ಕೆ ಬಂದ ಗೆದ್ದಲುಗಳು ಹಿಂಡುಹಿಂಡಾಗಿ ಏಳುತ್ತವೆ. ಹಳ್ಳಿಯವರು ಈಸಲು, ಮಳೆಹುಳು ಎನ್ನುವುದು ಇವನ್ನೇ. ದೀಪದ ಸುತ್ತ ಸ್ವಲ್ಪ ಹೊತ್ತು ಹಾರಾಡಿ ನೆಲಕ್ಕೆ ಬಿದ್ದು ರೆಕ್ಕೆ ಕಳಚಿಕೊಳ್ಳುತ್ತವೆ. ಹೆಣ್ಣಿನ ಹಿಂದೆ ಗಂಡು ಜೋಡಿಯಾಗಿ ನಡೆದು ಮೆತ್ತನೆಯ ಮಣ್ಣಿನಲ್ಲಿ ಗುಳಿ ತೋಡಿ ಒಳಸೇರುತ್ತದೆ. ಹೊಸ ಗೂಡಿನ ಆರಂಭ ಅಲ್ಲಿಂದ. ಕಪ್ಪೆ, ಹಲ್ಲಿ, ಕಾಗೆ, ಬಾವಲಿ, ಇರುವೆಗಳ ಬಾಯಿಗೆ ಬಿದ್ದು ಬಹುಪಾಲು ಆ ರಾತ್ರಿಯೇ ಮುಗಿದುಹೋಗುತ್ತವೆ. ಕರ್ನಾಟಕದ ಹಲವು ಹಳ್ಳಿಗಳಲ್ಲಿ ಈಸಲನ್ನು ಹಿಡಿದು ರೆಕ್ಕೆ ತೂರಿ, ಹುರಿದು ತಿನ್ನುವ ರೂಢಿಯೂ ಇದೆ. ಕೊಬ್ಬು ಮತ್ತು ಪ್ರೋಟೀನು ತುಂಬಿದ ಆಹಾರವದು.

ಒಡಾಂಟೊಟರ್ಮಿಸ್ ಬಗೆಯ ಗೆದ್ದಲುಗಳು ತಿಂದ ಮರವನ್ನು ತಾವೇ ಪೂರ್ತಿ ಅರಗಿಸಿಕೊಳ್ಳಲಾರವು. ಅಗಿದು ತಂದದ್ದನ್ನು ಹುತ್ತದೊಳಗೆ ರಂಧ್ರರಂಧ್ರವಾದ ಉಂಡೆಗಳಾಗಿ ಜೋಡಿಸಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತವೆ. ಶಿಲೀಂಧ್ರ ಮರದ ಗಟ್ಟಿ ಅಂಶವನ್ನು ಒಡೆದು ಮೆದು ಮಾಡಿದ ಮೇಲೆ ಅದನ್ನೇ ತಿನ್ನುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೂ ಸುತ್ತಲೂ ಏಳುವ, ನೆಲದೊಳಗೆ ಉದ್ದಕ್ಕೆ ಬೇರಿನಂತೆ ಇಳಿದಿರುವ ಅಣಬೆ ಈ ತೋಟದ್ದೇ. ಅದು ರುಚಿಯಾದ ತಿನಿಸು. ಆದರೆ ವಿಷದ ಅಣಬೆಗಳೂ ಅದೇ ಕಾಲದಲ್ಲಿ ಏಳುವುದರಿಂದ ಗುರುತು ಬಲ್ಲವರೇ ಕಿತ್ತು ತರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಗೆದ್ದಲು-ಅಣಬೆ ಒಕ್ಕಲುತನವನ್ನು ಬಹುಕಾಲದಿಂದ ಅಭ್ಯಾಸ ಮಾಡುತ್ತ ಬಂದಿದ್ದಾರೆ. ತೋಟದಲ್ಲಿ ಸ್ಯೂಡೊಜೈಲೇರಿಯಾ ಎಂಬ ಕಳೆ ಶಿಲೀಂಧ್ರ ತಲೆಯೆತ್ತಿದರೆ ಕೆಲಸಗಾರ ಗೆದ್ದಲುಗಳು ಅದನ್ನು ವಾಸನೆಯಿಂದಲೇ ಗುರುತಿಸಿ ಮಣ್ಣು ಮುಚ್ಚುತ್ತವೆ ಎಂದು ಅವರು ತೋರಿಸಿದ್ದಾರೆ. ಎಂಜಲು ಬೆರೆಸಿ ಕಟ್ಟಿದ ಹುತ್ತದ ಮಣ್ಣು ಸುತ್ತಲಿನ ಮಣ್ಣಿಗಿಂತ ಸುಮಾರು ಹತ್ತು ಪಟ್ಟು ಗಟ್ಟಿ ಎಂಬುದೂ ಅಲ್ಲಿನ ಅಧ್ಯಯನದಿಂದ ತಿಳಿದಿದೆ. ಒಲೆ ಹಾಕಲು, ಕಣ ಮಾಡಲು, ಗೋಡೆ ಮೆತ್ತಲು ಹಳ್ಳಿಯ ಹೆಂಗಸರು ಹುತ್ತದ ಮಣ್ಣನ್ನೇ ಹುಡುಕಿಕೊಂಡು ಹೋಗುತ್ತಿದ್ದುದು ಈ ಗುಣಕ್ಕಾಗಿಯೇ.

ಗೆದ್ದಲು ಬಿಟ್ಟ ಹುತ್ತಕ್ಕೆ ಹಾವು ಸೇರುತ್ತದೆ. ನಾಗರಪಂಚಮಿ ಮತ್ತು ಸುಬ್ಬರಾಯನ ಷಷ್ಠಿಗೆ ಹುತ್ತಕ್ಕೆ ಹಾಲೆರೆಯುವ ಪೂಜೆ ಈ ಸೀಮೆಯಲ್ಲೂ ನಡೆಯುತ್ತದೆ, ಅನೇಕ ಗುಡಿಗಳು ಹುತ್ತದ ಸುತ್ತಲೇ ಎದ್ದಿವೆ. ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲ ಅಧ್ಯಾಯ ಹುತ್ತವನ್ನು ಅಂತರ್ಜಲದ ಕುರುಹಾಗಿ ಎಣಿಸುತ್ತದೆ. ಗೆದ್ದಲಿಗೆ ತೇವ ಬೇಕೇಬೇಕು ಎಂಬುದು ನಿಜ. ಹಾಗೆಂದು ಹುತ್ತ ನೋಡಿ ಕೊಳವೆಬಾವಿ ಕೊರೆಸುವುದು ನೆಚ್ಚುವ ಮಾತಲ್ಲ. ಹೊಲ, ಗೋಮಾಳ, ದೇವರಕಾಡುಗಳ ಹುತ್ತ ಮಣ್ಣನ್ನು ಸಡಿಲಿಸಿ ಮಳೆನೀರು ಇಂಗಲು ದಾರಿ ಮಾಡುತ್ತದೆ. ಮನೆಯಿಂದ ದೂರದ ಅಂಥ ಹುತ್ತವನ್ನು ಒಡೆಯುವುದರಿಂದ ಮನೆಗೆ ಯಾವ ಲಾಭವೂ ಇಲ್ಲ.

ಮನೆಗೆ ಬರುವ ದಾರಿ

ಈ ಸೀಮೆಯ ಮನೆಗಳನ್ನು ಕಾಡುವ ಗೆದ್ದಲಿನ ಗೂಡು ನೆಲದೊಳಗೆ ಇರುತ್ತದೆ, ಊಟ ಮಾತ್ರ ಮನೆಯೊಳಗೆ. ಈ ಒಂದು ಸಂಗತಿ ಅರ್ಥವಾದರೆ ನಿಯಂತ್ರಣದ ಬಹುಪಾಲು ಅರ್ಥವಾದಂತೆ. ಗೂಡಿನಿಂದ ಆಹಾರದವರೆಗೆ ಮಣ್ಣಿನ ಸಂಪರ್ಕ, ಮೈ ಒಣಗದಷ್ಟು ತೇವ, ಬೆಳಕು ಬೀಳದ ಮರೆ ಇವು ಮೂರೂ ಬೇಕು. ಒಂದು ಕಡಿದುಹೋದರೂ ಅದು ಮುಂದುವರಿಯಲಾರದು. ತಳಪಾಯದ ಬಿರುಕು, ನೆಲ ಮತ್ತು ಗೋಡೆ ಕೂಡುವ ಸಂದು, ನೀರಿನ ಪೈಪು ಮತ್ತು ವಿದ್ಯುತ್ ಕೊಳವೆಗಳು ಒಳಬರುವ ತೂತು, ಮಣ್ಣಿಗೆ ಹೂತ ಬಾಗಿಲವಾಡದ ಕಾಲು ಇವೇ ಅದರ ಹೆದ್ದಾರಿಗಳು.

ಹಳೆಯ ಮಣ್ಣುಗೋಡೆಯ ಮನೆಗಳಲ್ಲಿ ಗೋಡೆಯೇ ಗೆದ್ದಲಿಗೆ ದಾರಿ. ಮಣ್ಣು ಕಲಸುವಾಗ ಸೇರಿಸಿದ ಹುಲ್ಲು, ಹೊಟ್ಟು, ಸಗಣಿ ದಾರಿಯಲ್ಲೇ ಸಿಗುವ ಬುತ್ತಿ. ಅದು ಗೋಡೆಯೊಳಗೇ ಏರಿ ತೊಲೆ, ಜಂತೆ, ಹೆಂಚಿನ ಕೆಳಗಿನ ರೀಪುಗಳನ್ನು ಮುಟ್ಟುತ್ತದೆ. ಹೊರಗೆ ಏನೂ ಕಾಣದು. ಇಂಥ ಮನೆ ಕಟ್ಟಿದ ಹಿರಿಯರಿಗೆ ಈ ವಿಷಯ ತಿಳಿದಿತ್ತು. ತೊಟ್ಟಿಮನೆಯ ಮರದ ಕಂಬವನ್ನು ಅವರು ನೆಲಕ್ಕೆ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದರು, ಜಗಲಿಯ ಅಂಚಿಗೆ ಕಲ್ಲುಚಪ್ಪಡಿ ಹಾಸಿದರು, ತಳಪಾಯವನ್ನು ಕಲ್ಲಿನಲ್ಲಿ ಮೇಲೆತ್ತಿದರು. ಕಲ್ಲು ಸುಲಭವಾಗಿ ಸಿಗುವ ನಾಡಿನಲ್ಲಿ ಅದು ಅತ್ಯಂತ ಸಹಜವಾದ, ಅಗ್ಗದ ರಕ್ಷಣೆಯಾಗಿತ್ತು. ಈಗಿನ ಕಾಂಕ್ರೀಟ್ ಮನೆ ಗೆದ್ದಲಿಗೆ ಸಿಗದು ಎಂಬ ನಂಬಿಕೆ ಬಲವಾಗಿದೆ, ಅದು ಸರಿಯಲ್ಲ. ಕಾಂಕ್ರೀಟನ್ನು ಗೆದ್ದಲು ತಿನ್ನುವುದಿಲ್ಲ, ಆದರೆ ಸಣ್ಣ ಬಿರುಕು ಸಿಕ್ಕರೂ ನುಸುಳುತ್ತದೆ. ಕೆಲಸ ಮುಗಿದ ಮೇಲೆ ಸೆಂಟ್ರಿಂಗ್ ಹಲಗೆಯ ತುಂಡು, ಗೂಟ, ಸಿಮೆಂಟಿನ ಕಾಗದದ ಚೀಲಗಳನ್ನು ತಳಪಾಯದ ಮಣ್ಣಿನಲ್ಲೇ ಮುಚ್ಚಿಬಿಡುವ ಕೆಟ್ಟ ರೂಢಿಯಿಂದ ಹೊಸಮನೆಯ ಕೆಳಗೆ ಗೆದ್ದಲನ್ನು ಸಾಕಿದಂತೆ ಆಗುತ್ತದೆ.

ಅರಸೀಕೆರೆ ಕಡೆ ತೆಂಗಿನ ಕಾರಣದಿಂದಲೂ ಗೆದ್ದಲು ಮನೆಗೆ ಹತ್ತಿರವಾಗುತ್ತದೆ. ಉಂಡೆ ಕೊಬ್ಬರಿಗಾಗಿ ಬಲಿತ ಕಾಯಿಯನ್ನು ಸಿಪ್ಪೆ ಸಹಿತ ಹಲವು ತಿಂಗಳು ಅಟ್ಟದ ಮೇಲೆ ಇಟ್ಟು ಒಣಗಿಸುತ್ತಾರೆ. ಸಂದು ಬಿಟ್ಟು ಜೋಡಿಸಿದ ಮರದ ಅಟ್ಟ, ಕೆಳಗಿನಿಂದ ಬರುವ ಹೊಗೆ, ಓಡಾಡುವ ಗಾಳಿ ಕಾಯಿಯನ್ನು ಒಣಗಿಸುವುದರ ಜೊತೆಗೆ ಹುಳುವಿನಿಂದಲೂ ಕಾಯುತ್ತವೆ. ಅದೇ ಕಾಯಿಯನ್ನು ನೆಲದ ಮೇಲೆ ಗೋಡೆಗೆ ಒತ್ತಿ ರಾಶಿ ಹಾಕಿದರೆ ತಳದ ಸಿಪ್ಪೆಗೆ ಗೆದ್ದಲು ಹತ್ತುತ್ತದೆ, ಅಲ್ಲಿಂದ ಅಟ್ಟದ ಕಂಬಕ್ಕೂ ಬಾಗಿಲಿಗೂ ದಾಟುತ್ತದೆ. ಸುಲಿದ ಸಿಪ್ಪೆ, ಒಣಗರಿ, ಸೌದೆ, ಹುಲ್ಲಿನ ಬಣವೆ ಮನೆಯ ಗೋಡೆಗೆ ಆತುಕೊಂಡಿರುವ ಹಿತ್ತಲಿನಲ್ಲಿ ಎಷ್ಟು ಔಷಧ ಹಾಕಿದರೂ ಫಲ ಕಡಿಮೆ. ಬೇಲೂರಿನ ಕಾಫಿ ತೋಟಗಳ ಕಡೆ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸಿದ ಸಿಲ್ವರ್ ಓಕ್ ಅಗ್ಗದ ಹಲಗೆಯಾಗಿ ಮನೆ ಸೇರುತ್ತದೆ. ಈ ಮೆದುಮರವನ್ನು ಗೆದ್ದಲು ಬಹಳ ಬೇಗ ಮುಗಿಸುತ್ತದೆ.

ಗುರುತಿಸುವ ಬಗೆ

ಗೋಡೆ, ಕಂಬ, ಕಪಾಟಿನ ಹಿಂಬದಿಯಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ನಾಳ ಕಂಡರೆ ಅದು ಗೆದ್ದಲಿನ ದಾರಿಯೇ. ಸ್ವಲ್ಪ ಭಾಗ ಕೆರೆದು ಎರಡು ದಿನ ಬಿಟ್ಟು ನೋಡಬೇಕು. ಹಸಿಮಣ್ಣಿನಿಂದ ದುರಸ್ತಿಯಾಗಿದ್ದರೆ ಸಂಚಾರ ನಡೆಯುತ್ತಿದೆ ಎಂದರ್ಥ. ದುರಸ್ತಿಯಾಗದಿದ್ದರೂ ನಿಶ್ಚಿಂತೆಯಾಗಿರಲಾಗದು, ಬೇರೆ ದಾರಿ ತೆರೆದಿರಬಹುದು. ಮರವನ್ನು ತಟ್ಟಿದರೆ ಟೊಳ್ಳು ಸದ್ದು, ಬಣ್ಣ ಉಬ್ಬಿ ಕಾಗದದಂತೆ ಕಿತ್ತುಬರುವುದು, ಮೊದಲ ಮಳೆಯ ಮರುದಿನ ಕಿಟಕಿಯ ಕೆಳಗೆ ಬಿದ್ದ ರೆಕ್ಕೆಗಳ ರಾಶಿ ಇವೂ ಲಕ್ಷಣಗಳೇ. ರೆಕ್ಕೆಯ ಹುಳು ಗೆದ್ದಲೋ ಇರುವೆಯೋ ಎಂದು ತಿಳಿಯಲು ಸೊಂಟ ನೋಡಿದರೆ ಸಾಕು. ಇರುವೆಗೆ ಸೊಂಟ ಸಣ್ಣಗಿದ್ದು ಮುಂದಿನ ರೆಕ್ಕೆ ದೊಡ್ಡದು, ಮೀಸೆ ಮೊಣಕೈಯಂತೆ ಬಾಗಿರುತ್ತದೆ. ಗೆದ್ದಲಿಗೆ ಸೊಂಟವಿಲ್ಲ, ನಾಲ್ಕೂ ರೆಕ್ಕೆ ಒಂದೇ ಉದ್ದ, ಮೀಸೆ ನೇರ.

ಮರದಿಂದ ಹಿಟ್ಟಿನಂಥ ನಯವಾದ ಪುಡಿ ಉದುರಿ, ಮೇಲೆ ಸೂಜಿಮೊನೆಯ ತೂತುಗಳಿದ್ದರೆ ಅದು ಗೆದ್ದಲಲ್ಲ, ಕುಟ್ಟೆ ಹುಳು. ಅದು ಒಂದು ಬಗೆಯ ದುಂಬಿ. ಗಸಗಸೆಯಷ್ಟಿರುವ, ಆರು ಮುಖದ ಗಟ್ಟಿ ಕಾಳುಗಳು ಉದುರಿದ್ದರೆ ಒಣಮರದೊಳಗೇ ಗೂಡು ಮಾಡುವ ಬೇರೆ ಜಾತಿಯ ಗೆದ್ದಲು. ಅದಕ್ಕೆ ಮಣ್ಣಿನ ಸಂಪರ್ಕ ಬೇಡ, ಕರಾವಳಿಯ ಕಡೆ ಹೆಚ್ಚು. ಈ ಎರಡಕ್ಕೂ ನೆಲಕ್ಕೆ ಔಷಧ ಹಾಕಿದರೆ ಪ್ರಯೋಜನವಿಲ್ಲ, ಮರಕ್ಕೇ ಚಿಕಿತ್ಸೆ ಬೇಕು. ಗುರುತು ತಪ್ಪಿ ಹಣ ಕಳೆದುಕೊಳ್ಳುವುದು ಇಲ್ಲಿಯೇ ಹೆಚ್ಚು.

ತಡೆ ಮತ್ತು ನಿಯಂತ್ರಣ

ಮನೆ ಕಟ್ಟುವಾಗಲೇ ತಡೆಯುವುದು ಎಲ್ಲಕ್ಕಿಂತ ಸುಲಭ. ಬುನಾದಿಯ ಅಗೆತದಲ್ಲಿ ಬೇರು, ಬೊಡ್ಡೆ, ಮರದ ಚೂರು ಉಳಿಯದಂತೆ ಎತ್ತಿಹಾಕಬೇಕು. ಗೋಡೆಯ ಸುತ್ತ ಸಿಮೆಂಟಿನ ಇಳಿಜಾರು ಅಂಚು ಹಾಕಿ ಮಳೆನೀರನ್ನು ದೂರ ಸಾಗಿಸಬೇಕು. ಹೂವಿನ ಪಾತಿಯನ್ನು ಗೋಡೆಗೆ ಒತ್ತಿ ಮಾಡಬಾರದು. ಬಾಗಿಲವಾಡದ ಕಾಲು ಮಣ್ಣಿಗೆ ತಾಗದೆ ಕಲ್ಲಿನ ಹೊಸ್ತಿಲ ಮೇಲೆ ನಿಲ್ಲಬೇಕು. ಮರದ ಕಂಬವಿರುವ ಮನೆಯಲ್ಲಿ ಕಂಬದ ತಳಕ್ಕೆ ಕೆಳಮುಖವಾಗಿ ಬಾಗಿದ ತಗಡಿನ ಅಂಚು ಕೂರಿಸಿದರೆ ಗೆದ್ದಲು ಅದನ್ನು ಬಳಸಿ ಬಯಲಿನಲ್ಲಿ ನಾಳ ಕಟ್ಟಬೇಕಾಗುತ್ತದೆ. ಆಗ ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಬಹುದು.

ಮರದ ಆಯ್ಕೆಯೂ ಮುಖ್ಯ. ತೇಗ, ಹೊನ್ನೆ ಮುಂತಾದವುಗಳ ಚೇಗು ಗೆದ್ದಲನ್ನು ಬಹುಮಟ್ಟಿಗೆ ತಡೆಯುತ್ತದೆ. ತೇಗದಲ್ಲಿ ಈ ಗುಣ ಟೆಕ್ಟೋಕ್ವಿನೋನ್ ಮುಂತಾದ ರಾಸಾಯನಿಕಗಳಿಂದ ಬಂದದ್ದು. ಆದರೆ ಎಳೆಯ ತೇಗದ ಹೊರಗಿನ ಬಿಳಿಮರಕ್ಕೆ ಆ ಶಕ್ತಿಯಿಲ್ಲ. ತೇಗವೆಂದು ದುಬಾರಿ ಬೆಲೆ ಕೊಟ್ಟು ತಂದ ಬಾಗಿಲಿಗೆ ಗೆದ್ದಲು ಹಿಡಿಯಿತೆಂಬ ದೂರಿನ ಹಿಂದೆ ಸಾಮಾನ್ಯವಾಗಿ ಈ ಬಿಳಿಮರವೇ ಇರುತ್ತದೆ. ಮಾವು, ಸಿಲ್ವರ್ ಓಕ್‌ಗಳನ್ನು ಬಳಸಲೇಬೇಕಾದರೆ ಸಂರಕ್ಷಕದಲ್ಲಿ ನೆನೆಸಿ ಬಳಸಬೇಕು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳನ್ನು ಒತ್ತಡದಲ್ಲಿ ಮರಕ್ಕೆ ಇಳಿಸುವ, ಜಗತ್ತಿನಾದ್ಯಂತ ಹರಡಿದ ವಿಧಾನವನ್ನು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ರೂಪಿಸಿದರು. ಆರ್ಸೆನಿಕ್ ವಿಷವಾದ್ದರಿಂದ ಮನೆಯೊಳಗಿನ ಮರಕ್ಕೆ ಈಗ ಬೋರಾನ್ ಲವಣಗಳು ಲೇಸು. ಅವು ನೀರಿಗೆ ತೊಳೆದುಹೋಗುವುದರಿಂದ ಮಳೆಗೆ ಒಡ್ಡಿಕೊಳ್ಳದ ಕಡೆ ಮಾತ್ರ ಉಪಯೋಗ.

ಬೇಲೂರು, ಹಳೇಬೀಡುಗಳ ಗುಡಿಗಳ ಬಳಪದ ಕಲ್ಲಿಗೆ ಗೆದ್ದಲಿನ ಭಯವಿಲ್ಲ. ಆದರೆ ಊರೂರಿನ ದೇವಸ್ಥಾನಗಳಲ್ಲಿರುವ ಮರದ ತೇರು, ಉತ್ಸವವಾಹನ, ಪಲ್ಲಕ್ಕಿ, ಮನೆತನಗಳಲ್ಲಿ ಉಳಿದ ಓಲೆಗರಿ, ಕಡತ, ಜಮೀನಿನ ಪತ್ರಗಳು ಒಮ್ಮೆ ಹೋದರೆ ಮತ್ತೆ ಸಿಗುವಂಥವಲ್ಲ. ಇವಕ್ಕೆ ಔಷಧ ಸಿಂಪಡಿಸುವುದಕ್ಕಿಂತ ಇಡುವ ಜಾಗ ಸರಿಪಡಿಸುವುದು ಒಳ್ಳೆಯದು. ಗೋಡೆಯಿಂದ ಒಂದು ಗೇಣು ಬಿಡಬೇಕು, ನೆಲದಿಂದ ಎತ್ತರಿಸಬೇಕು, ಗಾಳಿ ಆಡಬೇಕು, ಆಗಾಗ ತೆಗೆದು ಕೊಡವಬೇಕು. ಗೋಡೆಗೆ ಅಂಟಿದ ಕಬ್ಬಿಣದ ಬೀರುವೂ ಹಿಂಬದಿಯ ತೂತಿನಿಂದ ಗೆದ್ದಲಿಗೆ ದಾರಿ ಕೊಡುತ್ತದೆ.

ಮನೆಮದ್ದುಗಳಲ್ಲಿ ಕೆಲವು ಕೆಲಸ ಮಾಡುತ್ತವೆ, ಕೆಲವು ಸಮಾಧಾನಕ್ಕೆ ಮಾತ್ರ. ಗೇರು ಸಿಪ್ಪೆಯ ಎಣ್ಣೆ, ಟಾರು ಬಳಿದ ಮರದ ತುದಿಯನ್ನು ಗೆದ್ದಲು ಬಹುಕಾಲ ಮುಟ್ಟುವುದಿಲ್ಲ. ಗೇರೆಣ್ಣೆ ಚರ್ಮ ಸುಡುತ್ತದೆ, ಕೈಗವಸು ಹಾಕಿಯೇ ಬಳಿಯಬೇಕು. ಬೇವಿನೆಣ್ಣೆ ಹುಳುವನ್ನು ದೂರವಿಡುತ್ತದೆ, ಆದರೆ ಬೇಗ ಶಕ್ತಿ ಕಳೆದುಕೊಳ್ಳುವುದರಿಂದ ಪದೇಪದೇ ಹಚ್ಚಬೇಕು. ಸೀಮೆಎಣ್ಣೆ, ಉಪ್ಪುನೀರು ತಾಗಿದ ಹುಳುವನ್ನಷ್ಟೇ ಕೊಲ್ಲುತ್ತವೆ. ಸೀಮೆಎಣ್ಣೆಯಲ್ಲಿ ಬೆಂಕಿಯ ಅಪಾಯ ಬೇರೆ. ಹುತ್ತ ಅಗೆದು ರಾಣಿಯನ್ನು ತೆಗೆದರೆ ಎಲ್ಲ ಮುಗಿಯಿತು ಎಂಬುದೂ ಪೂರ್ತಿ ನಿಜವಲ್ಲ. ಕೆಲವು ಗೂಡುಗಳಲ್ಲಿ ಒಂದಕ್ಕಿಂತ ಹೆಚ್ಚು ರಾಣಿಯರಿರುತ್ತಾರೆ, ಮನೆಗೆ ಬಂದಿರುವುದು ಬೇರೆಯೇ ಗೂಡಿನ ಗೆದ್ದಲಾಗಿರಲೂಬಹುದು.

ರಾಸಾಯನಿಕ ಚಿಕಿತ್ಸೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 6313 ಎಂಬ ಮಾನದಂಡ ಮೂರು ಭಾಗಗಳಲ್ಲಿದೆ. ಒಂದು ಭಾಗ ಕಟ್ಟಡದ ರಚನೆಯ ಬಗ್ಗೆ, ಇನ್ನೊಂದು ಕಟ್ಟುವ ಮೊದಲಿನ ಮಣ್ಣಿನ ಚಿಕಿತ್ಸೆಯ ಬಗ್ಗೆ, ಮತ್ತೊಂದು ಕಟ್ಟಿ ಮುಗಿದ ಮನೆಗಳ ಬಗ್ಗೆ. ಬಳಕೆಯಲ್ಲಿರುವವು ಕ್ಲೋರ್‌ಪೈರಿಫಾಸ್, ಇಮಿಡಾಕ್ಲೋಪ್ರಿಡ್, ಬೈಫೆಂಥ್ರಿನ್‌ಗಳು. ಶೇ. 20ರ ಕ್ಲೋರ್‌ಪೈರಿಫಾಸ್ ದ್ರವವನ್ನು ಒಂದು ಲೀಟರಿಗೆ 19 ಲೀಟರ್ ನೀರಿನಂತೆ ಬೆರೆಸಿದರೆ ಶೇ. 1ರ ದ್ರಾವಣವಾಗುತ್ತದೆ. ಬುನಾದಿಯ ತಳಕ್ಕೂ ನೆಲಗಟ್ಟಿನ ಮಣ್ಣಿಗೂ ಚದರ ಮೀಟರಿಗೆ 5 ಲೀಟರಿನಷ್ಟು ಉಣಿಸುತ್ತಾರೆ. ಕಟ್ಟಿದ ಮನೆಯಲ್ಲಿ ಗೋಡೆ-ನೆಲ ಕೂಡುವ ಸಾಲಿನಲ್ಲಿ 30 ಸೆಂ.ಮೀ.ಗೆ ಒಂದರಂತೆ 12 ಮಿ.ಮೀ. ಅಗಲದ ತೂತು ಕೊರೆದು ದ್ರಾವಣ ಇಳಿಸಿ ಮುಚ್ಚುತ್ತಾರೆ. ನೆಲದ ಅಂಚಿನಲ್ಲಿ ಎಲ್ಲೂ ಕಡಿಯದ ಬೇಲಿ ಏರ್ಪಡಿಸುವುದು ಉದ್ದೇಶ. ಹತ್ತಿದ ಜಾಗಕ್ಕೆ ಮಾತ್ರ ಸಿಂಪಡಿಸಿ ಬಿಟ್ಟರೆ ಗೆದ್ದಲು ಪಕ್ಕದ ಗೋಡೆಯಲ್ಲಿ ಏಳುತ್ತದೆ.

ಒಂದು ಕಾಲದಲ್ಲಿ ಇದೇ ಕೆಲಸಕ್ಕೆ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಬಳಸುತ್ತಿದ್ದರು. ಮಣ್ಣಿನಲ್ಲಿ ದಶಕಗಟ್ಟಲೆ ಉಳಿದು ಮನುಷ್ಯರ ಕೊಬ್ಬಿನಲ್ಲಿ ಶೇಖರವಾಗುವ ಅವು ಈಗ ನಿಷಿದ್ಧ. ಕ್ಲೋರ್‌ಪೈರಿಫಾಸನ್ನೂ 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ, ಕೆಲವು ವಿನಾಯಿತಿಗಳೊಂದಿಗೆ, ಸೇರಿಸಲಾಗಿದೆ. ಮಕ್ಕಳ ಬೆಳೆಯುವ ಮಿದುಳಿಗೆ ಅದು ಹಾನಿಕರ. ತೆರೆದ ಬಾವಿ, ಕೊಳವೆಬಾವಿ, ನೀರಿನ ತೊಟ್ಟಿ, ಕೊಟ್ಟಿಗೆ ಇರುವ ಕಡೆ ಈ ಔಷಧಗಳನ್ನು ಮಣ್ಣಿಗೆ ಇಳಿಸಬಾರದು. ಅಂಗಡಿಯಿಂದ ಬಾಟಲಿ ತಂದು ಬರಿಗೈಯಲ್ಲಿ ಕಲಸಿ, ಖಾಲಿ ಬಾಟಲಿಯನ್ನು ಮತ್ತೊಂದಕ್ಕೆ ಬಳಸುವ ಅಭ್ಯಾಸ ಗೆದ್ದಲಿಗಿಂತ ದೊಡ್ಡ ಅಪಾಯ.

ಹೆಕ್ಸಾಫ್ಲುಮುರಾನ್‌ನಂಥ, ಪೊರೆ ಕಳಚಲು ಬಿಡದ ಔಷಧ ಬೆರೆಸಿದ ಆಹಾರವನ್ನು ಒಡ್ಡುವ ವಿಧಾನ ಹಲವು ದೇಶಗಳಲ್ಲಿ ಯಶಸ್ವಿಯಾಗಿದೆ. ಅಣಬೆ ಬೆಳೆಸುವ ನಮ್ಮ ಗೆದ್ದಲುಗಳ ಮೇಲೆ ಅದರ ಫಲ ಅಷ್ಟು ಖಚಿತವಲ್ಲ. ಮೆಟರೈಜಿಯಂ ಎಂಬ ಶಿಲೀಂಧ್ರ ಪ್ರಯೋಗಾಲಯದಲ್ಲಿ ಗೆದ್ದಲನ್ನು ಚೆನ್ನಾಗಿ ಕೊಲ್ಲುತ್ತದೆ. ಹುತ್ತದಲ್ಲಿ ಮಾತ್ರ ಕೆಲಸಗಾರರು ಸೋಂಕಿನ ಹುಳುವನ್ನು ನೆಕ್ಕಿ ಶುಚಿ ಮಾಡಿ, ಸತ್ತವನ್ನು ಹೂತು, ರೋಗ ಹರಡದಂತೆ ನೋಡಿಕೊಳ್ಳುತ್ತಾರೆ.

ಮನೆಗೆ ತಾಗಿದ ತೋಟದಲ್ಲಿ ತೆಂಗಿನ ಸಸಿಗೆ ಗೆದ್ದಲು ನಿಜವಾದ ಶತ್ರು. ಬಿತ್ತಿದ ಕಾಯಿಯ ಸಿಪ್ಪೆ ತಿಂದು ಮೊಳಕೆಯ ಬುಡಕ್ಕೆ ಬರುತ್ತದೆ, ಸುಳಿ ಬಾಡಿದ ಮೇಲೆಯೇ ರೈತನಿಗೆ ತಿಳಿಯುವುದು. ಸಸಿಮಡಿಯಲ್ಲಿ ಕಾಯಿಯ ಮೇಲೆ ಹೊಳೆಮರಳು ಹರಡುವುದು, ಗುಂಡಿಗೆ ಬೇವಿನ ಹಿಂಡಿ ಹಾಕುವುದು, ಅರೆಕೊಳೆತ ಗೊಬ್ಬರ ಹಾಕದಿರುವುದು ರೂಢಿಯ ಕ್ರಮಗಳು. ಬೇಸಿಗೆಯಲ್ಲಿ ನೀರು ತಪ್ಪಿದ ಸಸಿಗೇ ಗೆದ್ದಲು ಮೊದಲು ಹತ್ತುತ್ತದೆ. ಬೆಳೆದ ಮರದ ಬೊಡ್ಡೆಯ ಮೇಲೆ ಹರಿದಿರುವ ಮಣ್ಣಿನ ಪಟ್ಟಿ ನೋಡಿ ಗಾಬರಿಯಾಗಬೇಕಿಲ್ಲ. ಅಲ್ಲಿ ಅದು ಸತ್ತ ಹೊರತೊಗಟೆಯನ್ನು ತಿನ್ನುತ್ತಿರುತ್ತದೆ. ಮಣ್ಣನ್ನು ಕೆರೆದು ಬುಡದಿಂದ ಆಳೆತ್ತರದವರೆಗೆ ಬೇವಿನೆಣ್ಣೆಯನ್ನೋ ಗೇರೆಣ್ಣೆಯನ್ನೋ ಬಳಿದರೆ ಸಾಕು.

ಒಮ್ಮೆ ಚಿಕಿತ್ಸೆ ಮಾಡಿಸಿದ ಮನೆಯನ್ನೂ ವರ್ಷಕ್ಕೆ ಎರಡು ಸಲ ಪರೀಕ್ಷಿಸಬೇಕು. ಮುಂಗಾರಿನ ಮೊದಲ ಮಳೆಗಳಾದ ಮೇಲೆ ಒಮ್ಮೆ, ಹಿಂಗಾರು ಮುಗಿದು ನೆಲ ಒಣಗತೊಡಗಿದಾಗ ಮತ್ತೊಮ್ಮೆ. ಈಸಲು ಏಳುವ ಸಂಜೆಗಳಲ್ಲಿ ಹೊರಗಿನ ದೀಪ ಆರಿಸಿ, ಕಿಟಕಿ ಬಾಗಿಲು ಮುಚ್ಚಬೇಕು. ಬಚ್ಚಲ ಮನೆ, ಅಡುಗೆಮನೆಯ ತೊಟ್ಟಿಯ ಅಡಿ, ಮೆಟ್ಟಿಲಿನ ಕೆಳಗಿನ ಕತ್ತಲ ಮೂಲೆ, ವರ್ಷಗಟ್ಟಲೆ ಸರಿಸದ ಕಪಾಟಿನ ಹಿಂಬದಿಗಳನ್ನು ಮೊದಲು ನೋಡಬೇಕು. ಸೋರುವ ನಲ್ಲಿಯನ್ನು ಸರಿಪಡಿಸದೆ ಔಷಧ ಹಾಕಿಸಿದ ಕಡೆ ಗೆದ್ದಲು ಮತ್ತೆ ಬರುವುದು ಸಾಮಾನ್ಯ.